ಅಪ್ಪನ ರಿಟರ್ನಿನಲ್ಲಿ ಮಗನ ಹೆಸರು

2025ರ ರಂಝಾನಿನ ಅರ್ಧ ಕಳೆದಿತ್ತು. ಸಹರಿಗೆ ಎದ್ದು ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದೆ, ಅಕ್ಕನ ಫೋನ್ ಬಂತು. ನ್ಯೂಜೆರ್ಸಿಯಲ್ಲಿ ಅವರಿಗೆ ಆಗ ಹಿಂದಿನ ದಿನದ ಸಂಜೆ ಏಳೂಕಾಲು, ಇಫ್ತಾರ್ ಆಗಷ್ಟೇ ಮುಗಿದಿತ್ತು. ಆ ತಿಂಗಳಲ್ಲಿ ಎರಡೂ ಮನೆಯವರು ಒಟ್ಟಿಗೆ ಎಚ್ಚರವಿದ್ದು ಮಾತಾಡಲು ಸಿಗುವ ಹೊತ್ತು ಅದೊಂದೇ.

"ಉಮ್ಮ ಹತ್ತಿರ ಇದ್ದಾರಾ?" ಅಂತ ಕೇಳಿದಳು.

"ಇದ್ದಾರೆ."

"ಹಾಗಾದರೆ ಸ್ಪೀಕರ್ ಹಾಕಬೇಡ."

ನಾನು ಬಟ್ಟಲು ಬಿಟ್ಟು ಜಗಲಿಗೆ ಬಂದೆ. ಅವಳು ಅಳುತ್ತಿರಲಿಲ್ಲ, ಆದರೆ ಅತ್ತು ಮುಗಿಸಿದವರ ದನಿ ಇತ್ತು. ಭಾವ ಕಳುಹಿಸಿದ ತೆರಿಗೆ ರಿಟರ್ನ್ ವಾಪಸು ಬಂದಿದೆ. ಕಾರಣ, ಅದರಲ್ಲಿ ಅವರು ಮಗನನ್ನು ಡಿಪೆಂಡೆಂಟ್, ಅಂದರೆ ಅವಲಂಬಿತ ಅಂತ ತೋರಿಸಿದ್ದರು. ಆದರೆ ಮಗ ಎರಡು ವಾರ ಮೊದಲೇ ತನ್ನದೇ ರಿಟರ್ನ್ ಸಲ್ಲಿಸಿದ್ದ. "ನಿನ್ನನ್ನು ಬೇರೆ ಯಾರಾದರೂ ಅವಲಂಬಿತ ಅಂತ ತೋರಿಸಬಹುದೇ?" ಎಂಬ ಪ್ರಶ್ನೆಗೆ "ಇಲ್ಲ" ಅಂತ ಉತ್ತರ ಕೊಟ್ಟಿದ್ದ. ಕಾಲೇಜಿಗೆ ಒಂದು ವಾರ ರಜೆ, ಹುಡುಗ ಮನೆಯಲ್ಲೇ ಇದ್ದಾನೆ. ಅಪ್ಪ ಮಗ ಒಂದೇ ಮೇಜಿನಲ್ಲಿ ಉಪವಾಸ ಬಿಡುತ್ತಾರೆ, ಎರಡು ದಿನದಿಂದ ಮಾತಿಲ್ಲ. ಭಾವ ಹೇಳಿದ್ದು ಒಂದೇ ಮಾತಂತೆ: "ನಾನು ನಿನಗೆ ಯಾರೂ ಅಲ್ಲ ಅಂತ ಸರಕಾರಕ್ಕೆ ಬರೆದು ಕೊಟ್ಟೆಯಲ್ಲ."

ಅಕ್ಕ ನನಗೆ ಫೋನ್ ಮಾಡಿದ್ದಕ್ಕೆ ಕಾರಣವಿದೆ. ನಮ್ಮ ಕುಟುಂಬದಲ್ಲಿ ಫಾರ್ಮ್ ತುಂಬುವವನು ನಾನು. ರೇಷನ್ ಕಾರ್ಡು, ಪಾಸ್‌ಪೋರ್ಟು, ಉಪ್ಪನ ಅಂಗಡಿಯ ಲೆಕ್ಕ, ಹಜ್ ಅರ್ಜಿ, ಎಲ್ಲ ಕೊನೆಗೆ ನನ್ನ ಹತ್ತಿರವೇ ಬರುತ್ತದೆ. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಲೆಕ್ಕಪತ್ರವಲ್ಲ. ಆದರೆ ಹೊಸಂಗಡಿಯ ಒಂದು ದಿನಸಿ ಅಂಗಡಿಯ ಗಲ್ಲೆಯ ಹಿಂದೆ ಬೆಳೆದವನಿಗೆ ಕಾಗದ ಕಂಡರೆ ಹೆದರಿಕೆ ಇರುವುದಿಲ್ಲ. ಅಮೆರಿಕದ ತೆರಿಗೆ ಮಾತ್ರ ನನಗೂ ಹೊಸದು. ಆ ದಿನ ಕೆಲಸ ಮುಗಿಸಿ ಬಂದು ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ 501 ನಂಬರಿನ ಪ್ರಕಟಣೆಯನ್ನು ಓದಲು ಕೂತೆ. ಅವಲಂಬಿತರ ನಿಯಮವೆಲ್ಲ ಅದರಲ್ಲಿದೆ. ಇಂಗ್ಲಿಷ್ ಕಷ್ಟದ್ದೇನಲ್ಲ, ಒಂದೊಂದೇ ಸಾಲು ತಾಳ್ಮೆಯಿಂದ ಓದಬೇಕು ಅಷ್ಟೆ.

ನಮ್ಮ ಕಡೆಯ ಮಕ್ಕಳು ಈಗ ಅಲ್ಲೆಲ್ಲ ಇದ್ದಾರೆ, ಇದನ್ನು ಓದುವವರಲ್ಲಿ ಕೆಲವರಿಗಾದರೂ ಉಪಯೋಗವಾಗಬಹುದು ಅಂತ ನನಗೆ ಅರ್ಥವಾದದ್ದನ್ನು ಬರೆಯುತ್ತೇನೆ.

ಅಲ್ಲಿ ಮಗನಿಗೆ 18 ತುಂಬಿದ ಕೂಡಲೇ ತಂದೆಯ ಲೆಕ್ಕದಿಂದ ಹೊರಗೆ ಹೋಗುವುದಿಲ್ಲ. ವರ್ಷದ ಕೊನೆಗೆ 19 ತುಂಬಿರಬಾರದು. ಪೂರ್ಣಾವಧಿ ವಿದ್ಯಾರ್ಥಿಯಾದರೆ 24 ತುಂಬಿರಬಾರದು. ವರ್ಷದ ಐದು ತಿಂಗಳಲ್ಲಿ ಪೂರ್ಣಾವಧಿ ಓದಿದ್ದರೆ ಸಾಕು, ವಿದ್ಯಾರ್ಥಿ ಅಂತ ಲೆಕ್ಕ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ತಂದೆತಾಯಿಯ ಜೊತೆ ಇದ್ದಿರಬೇಕು. ಆದರೆ ಓದಿಗಾಗಿ ಹಾಸ್ಟೆಲಿನಲ್ಲಿದ್ದರೆ ಅದು ತಾತ್ಕಾಲಿಕ ಗೈರುಹಾಜರಿ ಮಾತ್ರ, ಮನೆಯಲ್ಲಿದ್ದಂತೆಯೇ ಎಣಿಸುತ್ತಾರೆ. ಕೊನೆಯದ್ದು ಮುಖ್ಯ. ತನ್ನ ಜೀವನದ ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವನೇ ಭರಿಸಿರಬಾರದು.

ಇಲ್ಲಿ ಹಲವರು ಎಡವುತ್ತಾರೆ. "ನಾನೇ ದುಡಿಯುತ್ತೇನೆ, ಹಾಗಾದರೆ ನಾನು ಅವಲಂಬಿತನಲ್ಲ" ಅಂದುಕೊಳ್ಳುತ್ತಾರೆ. ನಮ್ಮ ಹುಡುಗನೂ ಹಾಗೇ ಅಂದುಕೊಂಡ. ಆದರೆ ಈ ನಿಯಮ ಎಷ್ಟು ದುಡಿದೆ ಅಂತ ಕೇಳುವುದಿಲ್ಲ, ನಿನ್ನ ಮೇಲೆ ಆದ ಖರ್ಚಿನಲ್ಲಿ ನೀನು ಎಷ್ಟು ಹಾಕಿದೆ ಅಂತ ಕೇಳುತ್ತದೆ. ಇನ್ನೊಂದು, ಅವಲಂಬಿತನಾದವನು ತನ್ನ ರಿಟರ್ನ್ ಸಲ್ಲಿಸಬಾರದು ಅಂತಲೂ ಇಲ್ಲ. ಸಂಬಳದಿಂದ ತೆರಿಗೆ ಹಿಡಿದಿದ್ದರೆ ಅದನ್ನು ವಾಪಸು ಪಡೆಯಲು ಸಲ್ಲಿಸಲೇಬೇಕು. ಆ ಒಂದು ಪ್ರಶ್ನೆಗೆ ಮಾತ್ರ "ಹೌದು, ನನ್ನನ್ನು ತೋರಿಸಬಹುದು" ಅಂತ ಹೇಳಬೇಕು. ತಂದೆ ನಿಜವಾಗಿ ತೋರಿಸುತ್ತಾರೋ ಇಲ್ಲವೋ ಅದು ಬೇರೆ, ತೋರಿಸಬಹುದೇ ಎಂಬುದಷ್ಟೇ ಪ್ರಶ್ನೆ.

ಮರುದಿನ ಸಹರಿಗೆ ಅಳಿಯನಿಗೇ ಫೋನ್ ಮಾಡಿದೆ. ಒಂಬತ್ತು ವರ್ಷಕ್ಕೆ ಇಲ್ಲಿಂದ ಹೋದವನು, ಈಗ ಇಪ್ಪತ್ತು. ಬ್ಯಾರಿ ಮಾತಾಡುತ್ತಾನೆ, ನಡುನಡುವೆ ಇಂಗ್ಲಿಷಿಗೆ ಜಾರುತ್ತಾನೆ.

"ಮಾಮ, ನಾನು ಸುಳ್ಳು ಹೇಳಲಿಲ್ಲ," ಅಂದ. "ಬೇಸಿಗೆಯಲ್ಲಿ ಗೋದಾಮಿನಲ್ಲಿ ನಿಂತು ಪೆಟ್ಟಿಗೆ ಎತ್ತಿದ್ದೇನೆ. ಕಾಲೇಜಿನ ಲೈಬ್ರರಿಯಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. ಫೋನ್ ಬಿಲ್ ನನ್ನದು, ಪುಸ್ತಕ ನನ್ನದು, ಬಟ್ಟೆ ನನ್ನದು. ಮತ್ತೆ ಅವಲಂಬಿತ ಅಂದರೆ ಏನರ್ಥ?"

"ನಿನ್ನನ್ನು ಸುಳ್ಳ ಅಂತ ಯಾರೂ ಹೇಳಲಿಲ್ಲ ಮೋನೆ. ಒಂದು ಕಾಗದ ತಗೋ, ಲೆಕ್ಕ ಮಾಡುವ."

ನಾನೂ ಒಂದು ಹಳೆ ಸಗಟು ಬಿಲ್ಲಿನ ಹಿಂಬದಿ ತೆಗೆದುಕೊಂಡೆ. ಆ ಪ್ರಕಟಣೆಯಲ್ಲೇ ಒಂದು ಪಟ್ಟಿ ಇದೆ, ಅದರ ಪ್ರಕಾರ 2024ರ ಖರ್ಚು ಒಂದೊಂದಾಗಿ ಬರೆಯುತ್ತಾ ಹೋದೆವು. ಅವನ ಕಾಲೇಜು ಫೀಸು 13,000 ಡಾಲರ್. ಅದರಲ್ಲಿ 6,000 ವಿದ್ಯಾರ್ಥಿವೇತನ. ಆ ಹಣವನ್ನು ಅವನು ಭರಿಸಿದ ಖರ್ಚು ಅಂತ ಎಣಿಸುವ ಹಾಗಿಲ್ಲ, ಪಕ್ಕಕ್ಕಿಡಬೇಕು. ಉಳಿದ 7,000 ಭಾವ ಕಟ್ಟಿದ್ದು. ಹಾಸ್ಟೆಲು, ಊಟ 12,000, ಅದರಲ್ಲಿ 2,000 ಅವನದು. ಅಪ್ಪನ ಕೆಲಸದ ಮೂಲಕ ಇರುವ ಆರೋಗ್ಯ ವಿಮೆಯಲ್ಲಿ ಅವನ ಪಾಲು 1,500. ಪುಸ್ತಕ, ಫೋನು, ಬಟ್ಟೆ, ಓಡಾಟ 2,400, ಅದು ಪೂರ್ತಿ ಅವನದೇ.

"ಬೇಸಿಗೆಯಲ್ಲಿ ಮೂರು ತಿಂಗಳು ಮನೆಯಲ್ಲಿದ್ದೆಯಲ್ಲ, ಆ ರೂಮಿಗೆ ಅಲ್ಲಿ ಬಾಡಿಗೆ ಎಷ್ಟಾಗುತ್ತದೆ?"

"ನನ್ನ ರೂಮಿಗೆ ಬಾಡಿಗೆಯಾ?"

"ಹೌದು. ಕಾನೂನು ಹಾಗೇ ಇದೆ. ಬೇರೆಯವರಿಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟು ಬರೆಯಬೇಕು."

ಅವನು ಯಾರನ್ನೋ ಕೇಳಿ ಬಂದು ತಿಂಗಳಿಗೆ 600 ಅಂದ. ಮೂರು ತಿಂಗಳಿಗೆ 1,800. ಅಕ್ಕ ಬಡಿಸಿದ ಊಟಕ್ಕೆ ತಿಂಗಳಿಗೆ 300ರಂತೆ 900. ಒಟ್ಟು 25,600 ಡಾಲರ್. ಅರ್ಧ ಅಂದರೆ 12,800. ಅವನು ಹಾಕಿದ್ದು 4,400.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನನ್ನ ಸಂಬಳ 7,400 ಇತ್ತು ಮಾಮ" ಅಂದ.

"ಉಳಿದದ್ದು ಎಲ್ಲಿ?"

"ಬ್ಯಾಂಕಿನಲ್ಲಿದೆ. ಬರುವ ವರ್ಷದ ಹಾಸ್ಟೆಲಿಗೆ ಅಂತ ಇಟ್ಟಿದ್ದೇನೆ. ಬಾಪನಿಗೆ ಹೇಳಲಿಲ್ಲ."

ಭಾವ ಮಂಗಳೂರು ಕಡೆಯವರು, ಅವರ ಮಕ್ಕಳು ತಂದೆಗೆ ಬಾಪ ಅನ್ನುತ್ತಾರೆ. ಕೂಡಿಟ್ಟ ಹಣ ಈ ಲೆಕ್ಕಕ್ಕೆ ಬರುವುದಿಲ್ಲ ಅಂತ ಹೇಳಿದೆ. ಖರ್ಚಾದ ವರ್ಷದಲ್ಲಿ ಮಾತ್ರ ಅದು ಅವನ ಕಡೆ ಜಮೆ. ಎಲ್ಲ ಸೇರಿಸಿದರೂ ಅರ್ಧಕ್ಕೆ ಮುಟ್ಟುತ್ತಿರಲಿಲ್ಲ.

ಇನ್ನು "ಇಲ್ಲ" ಅಂದದ್ದರಿಂದ ಅವನಿಗೇನು ಸಿಕ್ಕಿತು ಅಂತ ನೋಡಿದೆವು. ಏನೂ ಇಲ್ಲ. 2024ರಲ್ಲಿ ಒಬ್ಬ ಅವಿವಾಹಿತನಿಗೆ ತೆರಿಗೆಯಿಲ್ಲದ ಸ್ಟ್ಯಾಂಡರ್ಡ್ ಡಿಡಕ್ಷನ್ 14,600 ಡಾಲರ್. ಅವಲಂಬಿತನಾದರೆ ದುಡಿದ ಸಂಬಳಕ್ಕೆ 450 ಸೇರಿಸಿದಷ್ಟು ಅಥವಾ 1,300, ಯಾವುದು ಹೆಚ್ಚೋ ಅದು, ಆದರೆ 14,600 ಮೀರುವಂತಿಲ್ಲ. ಅವನಿಗೆ 7,850 ಆಗುತ್ತದೆ. ಸಂಬಳವೇ 7,400, ಹಾಗಾಗಿ ತೆರಿಗೆ ಹೇಗೂ ಸೊನ್ನೆ. ಹಿಡಿದಿದ್ದ 310 ಡಾಲರ್ ಯಾವ ಉತ್ತರ ಕೊಟ್ಟಿದ್ದರೂ ವಾಪಸು ಬರುತ್ತಿತ್ತು.

ಭಾವನಿಗೆ ಹೋದದ್ದು ಮಾತ್ರ ದೊಡ್ಡದು. ಅವಲಂಬಿತನಾದ ದೊಡ್ಡ ಮಗನಿಗೆ 500 ಡಾಲರ್ ತೆರಿಗೆ ಕಡಿತ. ಅದರ ಮೇಲೆ ಕಾಲೇಜು ಓದಿಗೆ ಕೊಡುವ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್, ಹೆಚ್ಚೆಂದರೆ 2,500 ಡಾಲರ್. ಫೀಸಿನ ಮೊದಲ 2,000ಕ್ಕೆ ಪೂರ್ತಿ, ನಂತರದ 2,000ಕ್ಕೆ ಕಾಲುಭಾಗ. ಮಗನನ್ನು ತೋರಿಸಿದ ತಂದೆಗೆ ಮಾತ್ರ ಅದು ಸಿಗುತ್ತದೆ. ಮಗ ತಾನೇ ಕೇಳಿದರೆ ಕಡಿಯಲು ಅವನಿಗೆ ತೆರಿಗೆಯೇ ಇಲ್ಲ, ಕೈಗೆ ನಗದಾಗಿ ಬರುವ ಭಾಗವೂ ಅವನ ವಯಸ್ಸು, ಸ್ಥಿತಿಯವರಿಗೆ ಇಲ್ಲ. ಒಟ್ಟು 3,000 ಡಾಲರ್ ಮನೆಯೊಳಗೆ ಯಾರಿಗೂ ಇಲ್ಲದೆ ಹೋಗುತ್ತಿತ್ತು.

"ಬಾಪ ಮೊದಲೇ ಇದನ್ನು ಹೇಳಬಹುದಿತ್ತು," ಅಂದ ಹುಡುಗ. "ಯಾವತ್ತೂ ಯಾವ ಕಾಗದವನ್ನೂ ತೋರಿಸಿದವರಲ್ಲ. ಪ್ರತಿ ವರ್ಷ ನನ್ನ ಹೆಸರು ಹಾಕುತ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ."

ಅದೂ ನಿಜ. ನಮ್ಮ ಗಂಡಸರಿಗೆ ಮನೆಯ ಖರ್ಚನ್ನು ಮಕ್ಕಳ ಮುಂದೆ ಬಿಡಿಸಿ ಹೇಳುವ ಅಭ್ಯಾಸವಿಲ್ಲ. ಹೇಳಿದರೆ ಲೆಕ್ಕ ಕೇಳಿದಂತಾಗುತ್ತದೆ ಅಂತ ಸಂಕೋಚ. ಆ ಸಂಕೋಚ ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ನನ್ನದೇ ಒಂದು ಕಥೆ ಅವನಿಗೆ ಹೇಳಿದೆ.

ನಾನು ಮಂಗಳೂರಿನಲ್ಲಿ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೆ, 2010-11. ಸೀಸನ್ ಪಾಸಿನಲ್ಲಿ ಬೆಳಗ್ಗೆ ರೈಲು ಹತ್ತಿ ಹೋಗಿ ಸಂಜೆ ಬರುವುದು, ಬಂದ ಮೇಲೆ ಅಂಗಡಿ ಮುಚ್ಚುವ ತನಕ ತಕ್ಕಡಿಯ ಹತ್ತಿರ ನಿಲ್ಲುವುದು. ಆಗ ಒಂದು ಸಣ್ಣ ಕಂಪೆನಿಗೆ ಆಟೋಕ್ಯಾಡ್‌ನಲ್ಲಿ ನಕ್ಷೆ ಮಾಡಿಕೊಡುತ್ತಿದ್ದೆ, ನಕ್ಷೆಗೆ ಇಷ್ಟು ಅಂತ. ವರ್ಷಕ್ಕೆ 36,000 ರೂಪಾಯಿ ಆಯಿತು. ಅವರು ನಿಯಮದಂತೆ ಶೇಕಡಾ 10 ಟಿಡಿಎಸ್ ಹಿಡಿದು, 3,600ಕ್ಕೆ ಸರ್ಟಿಫಿಕೇಟ್ ಕೊಟ್ಟರು. ಆ ವರ್ಷ 1,60,000 ರೂಪಾಯಿ ತನಕ ತೆರಿಗೆಯೇ ಇರಲಿಲ್ಲ, ಹಾಗಾಗಿ ರಿಟರ್ನ್ ಸಲ್ಲಿಸಿದರೆ ಪೂರ್ತಿ ವಾಪಸು.

ಉಪ್ಪ ನನ್ನನ್ನು ಕಾಸರಗೋಡಿನ ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಕರೆದುಕೊಂಡು ಹೋದರು. ಕೂತ ಕೂಡಲೇ ಹೇಳಿದರು, "ಇದನ್ನು ನನ್ನ ಅಂಗಡಿಯ ಲೆಕ್ಕದಲ್ಲೇ ಸೇರಿಸಿ ಬಿಡಿ. ಅವನಿಗೆ ಬೇರೆ ಯಾಕೆ?"

ಸಲಹೆಗಾರರು ನಕ್ಕರು. "ಸೇರಿಸಲು ಜಾಗವೇ ಇಲ್ಲ ಸಾಹೇಬ್ರೆ. 18 ತುಂಬುವ ತನಕ ಮಗುವಿನ ಹೆಸರಿನಲ್ಲಿ ಬರುವ ಆದಾಯವನ್ನು ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸುತ್ತಾರೆ. ಅದರಲ್ಲೂ ಮಗು ಸ್ವಂತ ದುಡಿಮೆಯಿಂದ ಗಳಿಸಿದ್ದನ್ನು ಸೇರಿಸುವುದಿಲ್ಲ. 18 ತುಂಬಿತೋ, ಮಗನ ಆದಾಯ ಮಗನದ್ದೇ."

"ಅಂದರೆ ಇವನು ಈಗ ಬೇರೆ ಮನೆಯಾ?" ಅಂತ ಉಪ್ಪ ಕೇಳಿದರು.

ಅವರು ತಮಾಷೆಗೆ ಕೇಳಿದ್ದು ಅಂತ ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ಕುಂಬಳೆ ದಾಟುವ ತನಕ ಅವರು ಮಾತಾಡಲಿಲ್ಲ. ನನಗಂತೂ ಒಳಗೊಳಗೇ ಖುಷಿ. ನನ್ನ ಹೆಸರಿನ ಪ್ಯಾನ್ ಕಾರ್ಡು, ನನ್ನ ಹೆಸರಿನ ರಿಟರ್ನು. ಕೆಲವು ತಿಂಗಳ ಮೇಲೆ 3,600 ಬಂತು. ಉಪ್ಪ ಒಂದೇ ಸಲ "ಬಂತಾ?" ಅಂತ ಕೇಳಿದರು. "ಬಂತು" ಅಂದೆ. ಅದಕ್ಕೆ ಇನ್ನಷ್ಟು ಸೇರಿಸಿ ಒಂದು ಫೋನ್ ತಗೊಂಡೆ.

2017ರಲ್ಲಿ ಜಿಎಸ್‌ಟಿ ಬಂದಾಗ ಅಂಗಡಿಯ ಹಳೆ ಪುಸ್ತಕಗಳನ್ನೆಲ್ಲ ಇಳಿಸಿ ನೋಡಬೇಕಾಯಿತು. ಕಡದ ಪುಸ್ತಕದಲ್ಲಿ ಊರಿನ ಎಲ್ಲರಿಗೂ ಒಂದೊಂದು ಪುಟ ಇತ್ತು. ಮದ್ರಸದ ಉಸ್ತಾದರಿಗೆ, ಮೀನಿನ ಗಾಡಿಯವನಿಗೆ, ನಮ್ಮ ಸ್ವಂತ ಮಾವನಿಗೂ. ಇನ್ನೊಂದು ಪುಸ್ತಕ ಮಂಗಳೂರು ಬಂದರಿನ ಸಗಟು ವ್ಯಾಪಾರಿಯ ಬಾಕಿಯದ್ದು. 2008ರಿಂದ ಮೂರು ವರ್ಷ, ಜೂನ್ ತಿಂಗಳಲ್ಲಿ ಬಾಕಿ ಒಮ್ಮೆಲೇ ಏರುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಜೂನ್ ಅಂದರೆ ನನ್ನ ಫೀಸು ಕಟ್ಟುವ ತಿಂಗಳು. ಅಕ್ಕಿ, ಸಕ್ಕರೆಗೆ ಕೊಡಬೇಕಾದ ಹಣ ನನ್ನ ಕಾಲೇಜಿಗೆ ಹೋಗಿತ್ತು. ಮಳೆಗಾಲವಿಡೀ ಉಪ್ಪ ಆ ವ್ಯಾಪಾರಿಯ ಮುಂದೆ ಏನು ಹೇಳಿ ನಿಲ್ಲುತ್ತಿದ್ದರೋ. ನನ್ನ ಹೆಸರಿನ ಪುಟ ಎಲ್ಲೂ ಇರಲಿಲ್ಲ.

ಆ ಫೋನಿನ ದುಡ್ಡು ತಪ್ಪು ಅಂತ ನಾನು ಹೇಳುವುದಿಲ್ಲ, ಅದು ನನ್ನ ದುಡಿಮೆಯೇ. ಆದರೆ ನನ್ನ ದುಡಿಮೆ ಮಾತ್ರ ನನಗೆ ಕಾಣುತ್ತಿತ್ತು, ಯಾಕೆಂದರೆ ಅದಕ್ಕೆ ಮಾತ್ರ ಕಾಗದ ಇತ್ತು. ನಮ್ಮ ಕಾನೂನಿನಲ್ಲಿ ಅಮೆರಿಕದ ಆ ಪಟ್ಟಿ ಇಲ್ಲ. ಇದ್ದಿದ್ದರೆ ಇಪ್ಪತ್ತನೇ ವಯಸ್ಸಿನಲ್ಲೇ ಉಪ್ಪನ ಜೊತೆ ಕೂತು ಅದನ್ನು ತುಂಬಬೇಕಾಗುತ್ತಿತ್ತು. ಅವರು ಬಾಯಿ ಬಿಟ್ಟು ಹೇಳದ್ದು ಅಲ್ಲಿ ಅಂಕಿಯಲ್ಲಿ ಬರುತ್ತಿತ್ತು.

ಅಳಿಯ ಎಲ್ಲ ಕೇಳಿ, "ಯಾವ ಫೋನ್ ಮಾಮ?" ಅಂದ.

"ನೋಕಿಯಾ."

ಅವನು ನಕ್ಕ. ಇತ್ತ ಸುಬಹಿ ಬಾಂಗ್ ಆಗುವುದರಲ್ಲಿತ್ತು, ನಾನು ಇನ್ನೂ ಒಂದು ಲೋಟ ನೀರು ಕುಡಿಯಬೇಕಿತ್ತು.

ಆ ಕಾಗದವನ್ನು ಅವನು ಅವತ್ತೇ ರಾತ್ರಿ ಭಾವನ ಮುಂದಿಟ್ಟನಂತೆ. ಭಾವ ಕನ್ನಡಕ ಹಾಕಿ ಓದಿ, ರೂಮಿನ ಬಾಡಿಗೆಯ ಸಾಲಿಗೆ ಬಂದಾಗ "ಇದನ್ನು ಯಾರು ಬರೆಯಲು ಹೇಳಿದ್ದು?" ಅಂತ ಸಿಟ್ಟಾದರು. "ಐಆರ್‌ಎಸ್" ಅಂದನಂತೆ ಮಗ. ಬ್ಯಾಂಕಿನಲ್ಲಿ ಕೂಡಿಟ್ಟ ಹಣದ ವಿಷಯವೂ ಆಗಲೇ ಬಂತು. ಆಮೇಲೆ ಏನು ಮಾತಾಡಿಕೊಂಡರು ಅಂತ ಅಕ್ಕ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸರಿಪಡಿಸುವ ದಾರಿ ಕಷ್ಟದ್ದಲ್ಲ. ಮಗ 1040-ಎಕ್ಸ್ ಎಂಬ ತಿದ್ದುಪಡಿ ಫಾರ್ಮಿನಲ್ಲಿ ತನ್ನ ಉತ್ತರ ಬದಲಿಸಿದ. ಅವನ ರಿಫಂಡಿನಲ್ಲಿ ಒಂದು ಡಾಲರೂ ವ್ಯತ್ಯಾಸವಾಗಲಿಲ್ಲ. ಭಾವ ತಮ್ಮ ರಿಟರ್ನನ್ನು ಮುದ್ರಿಸಿ ಸಹಿ ಮಾಡಿ, ಏಪ್ರಿಲ್ 15ರ ಗಡುವಿನೊಳಗೆ ಅಂಚೆಯಲ್ಲಿ ಕಳುಹಿಸಿದರು. ಕಾಗದದಲ್ಲಿ ಹೋದದ್ದರಿಂದ ಹಣ ಬರುವುದು ತಡವಾಯಿತು, ಆದರೆ ಬಂತು. ಜನವರಿಯಲ್ಲೇ ಅಪ್ಪ ಮಗ ಹತ್ತು ನಿಮಿಷ ಕೂತು ಮಾತಾಡಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಒಂದು ಎಚ್ಚರಿಕೆ. ಇಲ್ಲಿಂದ ನೇರವಾಗಿ ಎಫ್-1 ವೀಸಾದಲ್ಲಿ ಓದಲು ಹೋಗುವ ಮಕ್ಕಳ ವಿಷಯ ಬೇರೆ. ಊರಿನಲ್ಲಿರುವ ತಂದೆತಾಯಿ ಅಲ್ಲಿ ರಿಟರ್ನ್ ಸಲ್ಲಿಸುವವರಲ್ಲ, ಹಾಗಾಗಿ ಅವಲಂಬಿತ ಅಂತ ತೋರಿಸುವ ಮಾತಿಲ್ಲ. ಆ ಮಕ್ಕಳು ಮೊದಲ ವರ್ಷಗಳಲ್ಲಿ ಸಾಮಾನ್ಯವಾಗಿ ಅನಿವಾಸಿಗಳು. ಅವರ ಫಾರ್ಮ್ 1040-ಎನ್‌ಆರ್, ಜೊತೆಗೆ 8843. ಆದಾಯ ಇಲ್ಲದಿದ್ದರೂ 8843 ಕೊಡಬೇಕು. ಅನಿವಾಸಿಗಳಿಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ, ಆದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ಭಾರತದ ವಿದ್ಯಾರ್ಥಿಗಳಿಗೆ ಅದು ಸಿಗುತ್ತದೆ. ಸೀನಿಯರ್ ಹೇಳಿದ ಅಂತ ಸಾಮಾನ್ಯ 1040 ತುಂಬಿಸಬೇಡಿ, ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ.

ಆ ವರ್ಷ ಜುಲೈಯಲ್ಲಿ ನನ್ನ ರಿಟರ್ನ್ ತುಂಬಿಸುತ್ತಿದ್ದೆ. ಉಪ್ಪನಿಗೆ ಈಗ ಅರವತ್ತು ದಾಟಿದೆ. ಅವರ ಮತ್ತು ಉಮ್ಮನ ಆರೋಗ್ಯ ವಿಮೆಯ ಕಂತು ನಾನು ಕಟ್ಟುತ್ತೇನೆ. ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಡಿ ಪ್ರಕಾರ ಹಿರಿಯ ನಾಗರಿಕರಾದ ತಂದೆತಾಯಿಯ ವಿಮೆಗೆ 50,000 ರೂಪಾಯಿ ತನಕ ಕಡಿತ ಇದೆ. ಅಂಗಡಿ ಬಾಗಿಲು ಹಾಕಿ ಬಂದ ಉಪ್ಪ ನನ್ನ ಹೆಗಲ ಮೇಲಿಂದ ಲ್ಯಾಪ್‌ಟಾಪ್ ನೋಡಿದರು.

"ನನ್ನನ್ನು ನಿನ್ನ ಲೆಕ್ಕದಲ್ಲಿ ಹಾಕಿದೆಯಾ?"

"ವಿಮೆಯದ್ದು ಮಾತ್ರ ಉಪ್ಪ."

"ನಾನು ಈಗಲೂ ಅಂಗಡಿ ನಡೆಸುತ್ತೇನೆ. ನಿನ್ನ ಮೇಲೆ ಅವಲಂಬಿತ ಅಂತ ಬರೆಯಬೇಡ."

ಈ ಕಡಿತಕ್ಕೆ ತಂದೆತಾಯಿ ಅವಲಂಬಿತರಾಗಿರಲೇಬೇಕು ಅಂತ ಇಲ್ಲ, ಫಾರ್ಮ್ ಹಾಗೆ ಕೇಳುವುದೂ ಇಲ್ಲ ಅಂತ ಹೇಳಿದೆ. ಅವರಿಗೆ ಸಮಾಧಾನವಾಯಿತು. ಕುರ್ಚಿ ಎಳೆದು ಪಕ್ಕದಲ್ಲಿ ಕೂತು, "ಸರಿ, ಮೊದಲಿನಿಂದ ತೋರಿಸು, ಏನೇನು ಬರೆದಿದ್ದೀಯ ನೋಡುವ" ಅಂದರು.